ಐದು ತಂತಿ

ಸೋಮವಾರ ಬೆಳಿಗ್ಗೆ ಎಲ್ವುಡ್ ಟಾಲಿವರ್
ಗಿಟಾರಿನ ಮೊದಲ ತಂತಿಯನ್ನು ಬಿಚ್ಚಿ
ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.
'ಬೇಡ ಇದು. ಈ ವಾರವೆಲ್ಲ ಬೇಡ.'
ಗಾಜಿನ ಈಚೆ ನಾನು. ಯಾಕೆಂದು ಕೇಳಲಿಲ್ಲ.
ಮೂವತ್ತು ವರ್ಷ ಈ ಗುಂಡಿಗಳ ಮುಂದೆ ಕೂತು
ಕಲಿತದ್ದು ಅದೊಂದೇ:
ಕೆಂಪು ದೀಪ ಹತ್ತುವ ಮೊದಲು
ಯಾರನ್ನೂ ಏನನ್ನೂ ಕೇಳಬಾರದು.

ಹೊರಗೆ ಪಿಟ್ಸ್‌ಬರ್ಗಿನ ಫೆಬ್ರವರಿ,
ಉಪ್ಪು ಚೆಲ್ಲಿದ ರಸ್ತೆ, ಬೂದಿಬಣ್ಣಕ್ಕೆ ತಿರುಗಿದ ಹಿಮ,
ಉಕ್ಕು ಕಾಯಿಸುವುದನ್ನು ಮರೆತ ನದೀದಂಡೆ.
ಒಳಗೆ ವರ್ಡೆಲ್ ಕ್ರಮ್ ಬರೆದಿಟ್ಟುಹೋದ ಒಂಬತ್ತು ಕೃತಿ,
ದಿನಸಿ ಚೀಟಿಗಳ ಬೆನ್ನಿಗೆ,
ಆಸ್ಪತ್ರೆಯ ಲಾಂಡ್ರಿ ರಸೀದಿಗಳಿಗೆ,
ಮೊಂಡು ಪೆನ್ಸಿಲಿನಲ್ಲಿ.

ದೊಡ್ಡ ಕೈಯಂತೆ ಅವಳದು.
ಹಗಲೆಲ್ಲ ಒದ್ದೆ ದುಪ್ಪಟಿ ಹಿಂಡಿದ ಕೈ,
ರಾತ್ರಿ ಹತ್ತು ಬಿಳಿ ಮನೆಗಳನ್ನು
ಒಂದೇ ಚಾಚಿಗೆ ತಬ್ಬುತ್ತಿತ್ತು.
ಅವಳು ಒಂದೇಟಿಗೆ ಎಂಟು ಸ್ವರ ಹಿಡಿದರೆ
ಗಿಟಾರಿಗೆ ದಕ್ಕುವುದು ನಾಲ್ಕು.
ಈ ವಾರ, ಮೂರು.
ಅಡುಗೆಮನೆಯ ಮೇಜಿನ ಮೇಲೆ ಎಲ್ವುಡ್
ಎರಡು ವರ್ಷ ಇದೇ ಲೆಕ್ಕ ಹಾಕಿದನಂತೆ,
ಸಣ್ಣ ಪೆಟ್ಟಿಗೆಯೊಂದೇ ಉಳಿದು ಊರು ಬಿಡುವವನ ಹಾಗೆ:
ಇದನ್ನಿಡು, ಅದನ್ನು ತೆಗೆ,
ಇಟ್ಟದ್ದನ್ನು ಮತ್ತೆ ತೆಗೆ.

ತೆಗೆಯುತ್ತ ತೆಗೆಯುತ್ತ ಕಂಡದ್ದು:
ಅವಳೇ ಆಗಲೇ ಒಂದನ್ನು ತೆಗೆದಿದ್ದಾಳೆ.
ಒಂಬತ್ತರಲ್ಲೂ ಇಲ್ಲ
ನಟ್ಟನಡುವಿನ ಆ 'ಇ'.
ಮೇಲಿನದು ಇದೆ, ಕೆಳಗಿನದು ಇದೆ,
ನಡುವಿನದರ ಹತ್ತಿರ ಬಂದಾಗ ಮಾತ್ರ ರಾಗ
ನೀರು ನಿಂತ ಕಡೆ ಲಂಗ ಎತ್ತಿಕೊಂಡು
ಹಾರುವವಳಂತೆ
ಆಚೆಗೆ ಹಾರಿಬಿಡುತ್ತದೆ.
ತಿಳಿದವರೊಬ್ಬರು ಹಿಂದೆಂದೋ
ಅದಕ್ಕೆ ಶೈಲಿ ಎಂದು ಹೆಸರಿಟ್ಟು ಎರಡು ಪುಟ ಬರೆದಿದ್ದರು.

ಬುಧವಾರ ಮಗಳು ಬಂದಳು, ಅರ್ನೆಸ್ಟೀನ್,
ಸಿಹಿಗೆಣಸಿನ ಕಡುಬನ್ನು ಟವೆಲಿನಲ್ಲಿ ಸುತ್ತಿ ತಂದು.
'ಶೈಲಿಯೂ ಇಲ್ಲ ಗೀಲಿಯೂ ಇಲ್ಲ.
ಹೋಮ್‌ವುಡ್ಡಿನ ಚರ್ಚಿನ ನೆಲಮಾಳಿಗೆಯಲ್ಲಿ ಪಿಯಾನೊ.
ಆ ಮನೆ ಸತ್ತಿತ್ತು. ಒತ್ತಿದರೆ ಟಕ್,
ಬರೀ ಮರ.
ರಿಪೇರಿಯವನು ಹನ್ನೊಂದು ಡಾಲರ್ ಕೇಳಿದ.
ಹನ್ನೊಂದು ಡಾಲರಿಗೆ ಆಗ
ನಮ್ಮ ಮೂವರಿಗೂ ಚಳಿಗಾಲದ ಬೂಟು ಬರುತ್ತಿತ್ತು.'
ಸ್ವಲ್ಪ ಹೊತ್ತು ಬಿಟ್ಟು,
'ಬೂಟು ಬಂತು' ಎಂದಳು.

ಆಮೇಲೆ, ಕಡುಬು ಕತ್ತರಿಸುತ್ತ:
'ಅಲ್ಲಿಗೆ ಬಂದಾಗ ಅಮ್ಮ ಬಾಯಲ್ಲೇ ಗುನುಗುತ್ತಿದ್ದಳು.
ಗುನುಗಿದ್ದನ್ನು ಯಾರು ಬರೆದಿಡುತ್ತಾರೆ?'

ಎಲ್ವುಡ್ ಜೇಬು ಮುಟ್ಟಿ ನೋಡಿಕೊಂಡ.
ಆಗ ಹೊಳೆಯಿತು ನನಗೆ.
ಗಿಟಾರಿನ ಮೊದಲ ತಂತಿ, ಎಲ್ಲೂ ಒತ್ತದೆ
ಬರಿದೇ ಬಿಟ್ಟರೆ ನುಡಿಯುವುದು ಅದನ್ನೇ.
ಮೀಟಬೇಕೆಂದೂ ಇಲ್ಲ. ಕೆಳಗಿನ ತಂತಿಗಳು ನುಡಿದರೆ ಸಾಕು,
ತಾನೂ ಸಣ್ಣಗೆ ನಡುಗುತ್ತದೆ,
ಕರೆಯದೆ ಬರುವ ನೆಂಟ.

ಶುಕ್ರವಾರ ಕೊನೆಯ ಕೃತಿ:
'ಸೇತುವೆಯ ಮೇಲೆ ಕೆಟ್ಟುನಿಂತ ಬಸ್ಸು'.
ಎರಡು ಸಲ ಕೆಟ್ಟಿತು, ಹೆಸರಿಗೆ ತಕ್ಕಂತೆ.
ಮೂರನೆಯ ಸಲ ಎಲ್ವುಡ್ ಕಣ್ಣು ಮುಚ್ಚಿದ.
ರಾಗ ಬಂತು ಆ ನೀರು ನಿಂತ ಜಾಗಕ್ಕೆ.
ಮೂಲೆಯ ಕುರ್ಚಿಯಿಂದ
ಸಣ್ಣದೊಂದು ಗುನುಗು.
ನನ್ನ ಮೀಟರಿನ ಮುಳ್ಳು ಕೂದಲೆಳೆಯಷ್ಟು ಎದ್ದು ಕೂತಿತು.

ಅಳಿಸಬಹುದಿತ್ತು. ಕೆಮ್ಮು, ಕುರ್ಚಿಯ ಕಿರುಗು,
ಬೀದಿಯ ಟ್ರಕ್ಕು ಅಳಿಸುವುದೇ ನನ್ನ ಹೊಟ್ಟೆಪಾಡು.
ಶ್ರುತಿಯೂ ಒಂದೆಳೆ ತಗ್ಗು.
ಬಿಟ್ಟೆ.
ಹಾಡಿದವರ ಪಟ್ಟಿಯಲ್ಲಿ ಅವಳ ಹೆಸರು ಹಾಕೋಣವೇ ಎಂದರೆ
'ನಾನೆಲ್ಲಿ ಹಾಡಿದೆ?' ಎಂದಳು ಅರ್ನೆಸ್ಟೀನ್,
ಖಾಲಿ ತಟ್ಟೆ ಟವೆಲಿಗೆ ಸುತ್ತಿಕೊಳ್ಳುತ್ತ.

ಮುಂದಿನ ಮಂಗಳವಾರ ಎಲ್ವುಡ್ ಫೋನು.
'ಅಂಗಿಯನ್ನು ಒಗೆಯಲು ಹಾಕಿಬಿಟ್ಟೆ,
ತಂತಿ ಜೇಬಲ್ಲೇ ಇತ್ತು.
ಯಂತ್ರದೊಳಗೆ ಏನೋ ಸದ್ದು.'
ಯಾವ ಶ್ರುತಿಯಲ್ಲಿ ಎಂದೆ.
ನಕ್ಕ.
ಫೋನನ್ನು ಅದರ ಬಾಗಿಲಿಗೆ ಹಿಡಿದ.