ಹತ್ತಿಯ ಕಣ್ಣು

ಕೆಳಮಾಳಿಗೆ, ಹದಿನೇಳನೇ ಬೀರು, ನಾಲ್ಕನೇ ಖಾನೆ.
ಎಳೆದರೆ ಮೊದಲು ನುಸಿಗುಳಿಗೆಯ ವಾಸನೆ,
ಆಮೇಲೆ ಹಕ್ಕಿಗಳು,
ಅಂಗಾತ, ಕಾಲು ಕಟ್ಟಿಸಿಕೊಂಡು, ಸಾಲಾಗಿ,
ಯಾರಾದರೂ ಏಳಿ ಎಂದರೆ ಎದ್ದುಬಿಡುವಂತೆ.

ಜೇನುಂಬ ಹಕ್ಕಿಗಳು. ಆಸ್ಟ್ರೇಲಿಯಾದವು.
ಇಂಗ್ಲೆಂಡಿನ ಈ ಬಂದರಿಗೆ ಬಂದು ನೂರಾ ಎಂಬತ್ತು ವರ್ಷ;
ಇನ್ನೂ ಯಾರೂ ಒಂದು ಹನಿ ಕೊಟ್ಟಿಲ್ಲ.

ನನಗೆ ಬೇಕಾದ್ದು ಒಂದೇ.
ಹೆಸರಿಟ್ಟ ಪಾದ್ರಿ ಅಂಗೈಯಲ್ಲಿ ಹಿಡಿದು
‘ಇದಕ್ಕೆ ಈ ಹೆಸರು’ ಎಂದನಲ್ಲ, ಆ ಮೂಲಮಾದರಿ.
ಇಲ್ಲಿರುವುದು ಎರಡು.
ಎರಡಕ್ಕೂ ಬಿಳಿ ಗಡ್ಡ, ರೆಕ್ಕೆಯಂಚಿಗೆ ಅರಿಶಿನ,
ಎರಡರ ಚೀಟಿಯೂ ಹೇಳುವುದು ‘ಸ್ವಾನ್ ನದಿ’.
ಆ ಕಾಲಕ್ಕೆ ಸ್ವಾನ್ ನದಿಯೆಂದರೆ
ನದಿಯೂ ಹೌದು, ದಡವೂ ಹೌದು,
ಮರಳಿ ಹಡಗು ಹತ್ತುವ ಮುನ್ನ ಕಂಡ
ಇಡೀ ಪಡುವಣ ಸೀಮೆಯೂ ಹೌದು.

ಪಾದ್ರಿಯ ಲೆಕ್ಕದಲ್ಲಿ ರೆಕ್ಕೆ ಮೂರಂಗುಲಕ್ಕೆ ಒಂದೆಳೆ ಹೆಚ್ಚು.
ನನ್ನ ಅಳತೆಯಲ್ಲಿ ಒಂದು ಎಪ್ಪತ್ತನಾಲ್ಕು ಮಿಲಿಮೀಟರ್, ಇನ್ನೊಂದು ಎಪ್ಪತ್ತೇಳು.
ಒಣಗಿದ ಚರ್ಮ ಕುಗ್ಗುತ್ತದೆ.
ಎಷ್ಟು ಕುಗ್ಗಿದೆ ಎಂದು ಯಾರನ್ನು ಕೇಳಲಿ?
ಬದುಕಿದ್ದಾಗ ಕಣ್ಣು ಬಿಳಿಯಿದ್ದರೆ ಒಂದು ಜಾತಿ,
ಕಪ್ಪಿದ್ದರೆ ಅದರ ದಾಯಾದಿ.
ಈಗ ಎರಡಕ್ಕೂ ಹತ್ತಿಯ ಕಣ್ಣು.

ಮಿಸ್ ಓಲ್ಡ್‌ರಾಯ್ಡ್, ಈ ಕುರ್ಚಿಯಲ್ಲಿ ನನಗಿಂತ ಮೂವರು ಹಿಂದಿನವರು,
ಬಾಂಬು ಬೀಳುವ ರಾತ್ರಿಗಳಲ್ಲಿ ಖಾನೆಗಳನ್ನು ಹೊತ್ತು
ಉಪ್ಪಿನ ಗಣಿಗೆ ಸಾಗಿಸಿದವರು.
ದಾರ ಹರಿದ ಚೀಟಿಗಳನ್ನು ಅಲ್ಲೇ, ಲಾಟೀನಿನ ಬೆಳಕಲ್ಲಿ, ಮತ್ತೆ ಕಟ್ಟಿದರಂತೆ.
ಯಾವ ಚೀಟಿ ಯಾವ ಕಾಲಿಗೆ?
ಆ ದಿನದ ಡೈರಿಯಲ್ಲಿ ಇರುವುದಿಷ್ಟು:
‘ಚಳಿ. ಸಕ್ಕರೆ ಮುಗಿಯಿತು.’

ಹೋದ ವಾರ, ಮೊದಲನೆಯದರ ಹಣೆಯ ಒಂದು ಪುಕ್ಕ ಕಿತ್ತು
(ಕ್ಷಮಿಸು ಎಂದೆ, ಅಭ್ಯಾಸ)
ಸೂಕ್ಷ್ಮದರ್ಶಕದ ಕೆಳಗಿಟ್ಟರೆ
ಪರಾಗ!
ಬ್ಯಾಂಕ್ಸಿಯಾ ಹೂಗೊಂಚಲಿಗೆ ಮುಖವೊತ್ತಿ ಉಂಡ ಕೊನೆಯ ಊಟ.
ಮೂತಿ ಒರೆಸಿಕೊಳ್ಳದೆ
ಗುಂಡು ತಿಂದು, ಪಾಷಾಣ ಬಳಿಸಿಕೊಂಡು, ಎರಡು ಸಾಗರ ದಾಟಿ ಬಂದಿದೆ.

ಚಿತ್ರ ಕಳಿಸಿದೆ, ಆಲ್ಬನಿಯ ಲೋರ್ನಾ ಹ್ಯಾಸೆಟ್‌ಗೆ.
ನೂಂಗಾರ್ ಹೆಂಗಸು, ಅಲ್ಲಿನ ಪೊದೆಗಾಡನ್ನು ಅಡುಗೆಮನೆಯಂತೆ ಬಲ್ಲವಳು.
ಅಲ್ಲಿ ಸಂಜೆ, ಇಲ್ಲಿ ನನ್ನ ಚಹಾ ಇನ್ನೂ ಬಿಸಿ.
‘ಈ ಹೂವು ನಮ್ಮ ದಕ್ಷಿಣದ ಕರಾವಳಿಯದು,’ ಎಂದಳು.
‘ನಿನ್ನ ನದಿಯಿಂದ ಹದಿನೈದು ದಿನದ ನಡಿಗೆ.’
ಆಮೇಲೆ, ‘ಹಕ್ಕಿ ಹಿಡಿದವರು ಯಾರು?’

ಪೆನ್‌ಹೇಲ್, ಎಂದೆ. ಸಂಗ್ರಾಹಕ.
ಅವನ ಲೆಕ್ಕದ ಪುಸ್ತಕವನ್ನೂ ಓದಿದೆ, ಮುಚ್ಚಿಡಲಾಗಲಿಲ್ಲ:
‘ಹುಡುಗನೊಬ್ಬ ತಂದ. ಹಿಟ್ಟು ಕೊಟ್ಟೆ.’
ಹುಡುಗನ ಕಾಲಿಗೆ ಚೀಟಿ ಇಲ್ಲ.

ಲೋರ್ನಾ ತುಸು ಹೊತ್ತು ಮಾತಾಡಲಿಲ್ಲ.
ಪರದೆಯಲ್ಲಿ ಅವಳ ಹಿಂದೆ ನಾಯಿಯೊಂದು ಹಾದುಹೋಯಿತು.
‘ನಮ್ಮಜ್ಜಿ ಆ ಹಕ್ಕಿಯನ್ನು ಕರೆಯುತ್ತಿದ್ದುದು ಹೀಗೆ,’ ಎಂದು
ಒಂದು ಹೆಸರು ಹೇಳಿದಳು. ಹೆಸರೋ ಕೂಗೋ,
ನಾಲಗೆಯ ತುದಿ ಕುಂಚವಾದವರಿಗೆ ಮಾತ್ರ ಬರುವಂಥದು.
ಬರೆದುಕೊಳ್ಳಬೇಡ, ಎಂದಳು.
ಬರೆದುಕೊಂಡಿಲ್ಲ.

ಹಾಗಾದರೆ ಮೊದಲನೆಯದು ನದಿಯದಲ್ಲ.
ಎರಡನೆಯದರ ಹಣೆಯನ್ನು ಯಾರೋ ಎಂದೋ
ಪ್ರದರ್ಶನಕ್ಕೆಂದು ತೊಳೆದಿದ್ದಾರೆ. ಚೊಕ್ಕಟ.
ಅದು ಏನನ್ನೂ ಹೇಳುವುದಿಲ್ಲ,
ಚೊಕ್ಕಟವಾದವು ಹೇಳುವುದಿಲ್ಲ.
ಪಾದ್ರಿ ಕಂಡದ್ದು ಇದನ್ನೋ, ಅದನ್ನೋ,
ಅಥವಾ ನುಸಿ ತಿಂದು ಕಸದ ಬುಟ್ಟಿ ಸೇರಿದ ಮೂರನೆಯದೊಂದನ್ನೋ.

ಶುಕ್ರವಾರ ವರದಿ ಕೊಡಬೇಕು.
ಮೇಜಿನ ಮೇಲೆ ಕೆಂಪು ಚೀಟಿ ಒಂದೇ ಇದೆ,
ಕಟ್ಟಿದರೆ ಮುಂದೆ ನೂರು ಜನ ನಂಬುತ್ತಾರೆ.
ಪೆನ್ಸಿಲ್ಲಿನಲ್ಲಿ ಬರೆದೆ: ‘ಇರಬಹುದು’.
ಅಳಿಸಿದೆ. ಮತ್ತೆ ಅದನ್ನೇ ಬರೆದೆ.
ಯಾವ ಬಣ್ಣದ ದಾರ, ಯಾವ ಕಾಲು, ಯಾವ ತಾರೀಖು,
ಇಷ್ಟನ್ನು ಮಾತ್ರ ಬಿಡಿಸಿ ಬರೆದಿಟ್ಟಿದ್ದೇನೆ,
ನನ್ನ ನಂತರ ಈ ಕುರ್ಚಿಗೆ ಬರುವವರಿಗೆ.
ಚಳಿಯ ಮಾತನ್ನೂ ಸೇರಿಸಿದ್ದೇನೆ.