ಹಲ್ಲಿನ ಗುರುತು

ಅಕ್ಕಲಕೋಟ, ಮೈಂದರ್ಗಿ, ಜತ್ತ, ಉಮದಿ,
ಲಗ್ನ ಇದ್ದಲ್ಲಿ ನಮ್ಮ ಆರ್ಕೆಸ್ಟ್ರಾ.
ವರ ಕುದುರಿ ಇಳಿಯೂತನಾ ಪಾಳಿ ಕಾಯ್ತೀನಿ,
ಆಮ್ಯಾಲ ಗಿಟಾರ ಹೆಡಕಿನ ಹಿಂದ,
ಆಮ್ಯಾಲ ಮೊಣಕಾಲ ಊರಿ,
ಕಡೀಕ ಹಲ್ಲಿಂದ.
ಹಲ್ಲಿಂದ ತಂತಿ ಮಿಡದ್ರ ಮಂದಿ ಸೀಟಿ ಹೊಡೀತದ,
ಹತ್ತರ ನೋಟು ಬೀಳ್ತಾವ,
ಮರುದಿನಾನೂ ನಾಲಿಗಿಗೆ ತುಕ್ಕಿನ ರುಚಿ.

ಒಂದು ಉಸಿರಿಗೆ ಎಷ್ಟು ಸುರ ಬಾರಸ್ತೀ ಅಂತ
ಢೋಲಕಿಯ ಮೌಲಾ ಎಣಿಸಿದ್ದ:
ನಲವತ್ತೊಂದು.
ನಾ ನಲವತ್ತೆರಡು ಅಂದಿದ್ದೆ. ಜಗಳ ಆಗಿತ್ತು.

ಸೊಲ್ಲಾಪುರದಾಗ ನಮ್ಮ ಓಣಿ ಅಂದ್ರ
ಎರಡೂ ಕಡಿ ಟವೆಲ್ ಮಗ್ಗ.
ಖಟಕ್ ಪಟಕ್ ಖಟಕ್ ಪಟಕ್,
ಕೂಸು ಅತ್ತರ ಬಾಯಿ ನೋಡಿ ತಿಳೀಬೇಕು.
ಅಲ್ಲೇ ಕಟ್ಟಿ ಮ್ಯಾಲ ಕಾಶಿರಾಯ,
ಮೂವತ್ನಾಕು ವರ್ಷ ಮಗ್ಗ ರಿಪೇರಿ ಮಾಡಿ
ಎರಡೂ ಕಿವಿ ಮಗ್ಗಕ್ಕ ಕೊಟ್ಟು ಬಂದಾಂವ.
ಕಿವಿ ಹೋದ್ರೇನು, ಬೆರಳದಾವ ಅವಗ.
ಹಾಸಿನಾಗ ಒಂದೆಳಿ ಸಡ್ಲಿದ್ರ
ಕಣ್ಣು ಮುಚ್ಚಿ ಹೇಳ್ತಾನ, ಇಲ್ಲಿ ಅಂತ.

ಚೈತ್ರದಾಗೊಂದು ಮಧ್ಯಾನ ಲೈಟು ಹೋತು.
ಓಣಿಗೆ ಓಣಿನೇ ತಟ್ಟನೆ ನಿಂತು
ನಳ ಹನಿಯೂದು ಕೇಳಸ್ತು.
ನಾ ಕಟ್ಟಿಗೆ ಕುಂತು ಕೈ ಸಾಧಿಸ್ಲಿಕತ್ತಿದ್ದೆ,
ಏರಿ ಇಳದು, ಏರಿ ಇಳದು, ಗಡಿಯಾರ ಎದರಿಗಿಟ್ಟು.
ಅಂವ ಬಂದಾಂವನೇ
ಕೇಳಲಿಲ್ಲ ಹೇಳಲಿಲ್ಲ,
ಗಿಟಾರದ ಅಂಚಿಗೆ ಬಾಯಿ ಹಚ್ಚಿ
ಉಳಿದ ನಾಕು ಹಲ್ಲಿಲೆ ಕಚ್ಚಿ ಹಿಡದ.

ನಕ್ಕೆ ನಾನು. ಇಬ್ಬರದೂ ಹಲ್ಲಿನ ಕಸಬೇ!
ಬಾರಿಸಿ ತೋರಿಸಿದೆ, ನಲವತ್ತೆರಡೂ.
ಅಂವ ಬಾಯಿ ತಗದ:
"ಇದು ಮಗ್ಗ. ಇದು ನಂಗ ಗೊತ್ತದ.
ಒಂದು ಹೊಡಿ. ಅದು ಸಾಯೂತನಾ ಕೈ ಇಡಬ್ಯಾಡ."

ಹೊಡದೆ. ದಪ್ಪ ತಂತಿ.
ಅದು ಎಷ್ಟೊತ್ತು ಬದುಕ್ತದಂತ
ಹದಿನಾರು ವರ್ಷದಾಗ ನಾ ನೋಡೇ ಇದ್ದಿಲ್ಲ.
ನನ್ನ ಕಿವ್ಯಾಗ ಮುಗದ ಮ್ಯಾಲೂ
ಅವನ ಹಲ್ಲಿನಾಗ ಇನ್ನೂ ಇತ್ತು;
ಬೆರಳೆತ್ತಿ ಹಿಡದಿದ್ದ, ತಡಿ ಅಂತ.

ಆಮ್ಯಾಲ ನಿಂಬೆವ್ವನ ಮಾತು ತಗದ.
ಅಕಿ ಎದರಿಗೆ ಕುಂತು ಕಂಡಕಿ ಸುತ್ತತಿದ್ಳು,
ಸುತ್ತಕೋತ ಏನೋ ಹಾಡತಿದ್ಳು.
ಸಪ್ಪಳದಾಗ ಒಂದಿನಾನೂ ಕೇಳಿಲ್ಲ.
"ಮನ್ಯಾಗ?" ಅಂದೆ, ಕೈಸನ್ನಿಲೆ.
"ಮನ್ಯಾಗ ನಾಚತಿದ್ಳು."
ತುಟಿ ಅಷ್ಟೇ ನೆನಪದಾವ ಅವಗ.
ಯಾವ ಹಾಡು ಅಂತ ಕೇಳೂದ್ರೊಳಗ ಅಕಿ ಹೋದ್ಳು,
ಅದಕ್ಕೂ ಮೊದಲ ಕಿವಿ ಹೋಗಿದ್ವು.

ತುಟಿ ಮಾಡಿ ತೋರಿಸ್ದ ಮುದುಕ:
ಇಲ್ಲಿ ದುಂಡಗ, ಇಲ್ಲಿ ಅಗಲ,
ಇಲ್ಲಿ ದಾರ ಹರದು ಗಂಟು ಹಾಕೂ ಹೊತ್ತಿಗೆ ಸುಮ್ಮ,
ಮತ್ತ ಬಿಟ್ಟಲ್ಲಿಂದ.
ನಾ ಅವನ ಬಾಯಿ ನೋಡಿ ಬಾರಿಸಿದೆ.
"ಅಲ್ಲ. ಅಷ್ಟು ಅವಸರದಾಕಿ ಅಲ್ಲ ಅಕಿ."
ಇನ್ನೂ ತಡದೆ. ಐದೇ ಸುರ ಉಳದ್ವು,
ನಡುವ ಗಂಟು ಹಾಕೂವಷ್ಟು ಜಾಗ.
ಅಂವ ಕಟಗಿ ಕಚ್ಚಿದ. ಕಣ್ಣು ಮುಚ್ಚಿದ.
ಜೊಲ್ಲು ಒಂದೆಳಿ ನನ್ನ ಮೊಣಕಾಲಿಗೆ ಇಳೀತು,
ನಾ ಒರಸಲಿಲ್ಲ.

ಲೈಟು ಬಂತು.
ಒಮ್ಮೆಲೇ ಓಣಿ ತುಂಬ ಖಟಕ್ ಪಟಕ್.
ನನಗ ನಂದೇ ಗಿಟಾರ ಕೇಳ್ಸಲಿಲ್ಲ.
ನಿಲ್ಲಿಸಿದ್ರ ಅವಗ ಗೊತ್ತಾಗ್ತಿತ್ತು,
ಬಾರಿಸಿದೆ.
ಸರಿ ಬಂತೋ ತಪ್ಪು ಬಂತೋ
ಅಂವ ಒಬ್ಬಗೇ ಗೊತ್ತು.

ಈಗೂ ಹಲ್ಲಿಂದ ಬಾರಸ್ತೀನಿ, ಸುಳ್ಳ್ಯಾಕ ಹೇಳ್ಲಿ,
ಮುಂದಿನ ವಾರ ಉಮದಿಯಾಗ ಲಗ್ನ ಅದ.
ಗಿಟಾರದ ಅಂಚಿಗೆ ನಾಕು ಸಣ್ಣ ತಗ್ಗು ಬಿದ್ದಾವ.
ಪಾಲಿಶ್ ಹೊಡಸು, ಮಂದಿ ನೋಡ್ತದ, ಅಂತಾನ ಮೌಲಾ.
ಹೂಂ ಅಂತೀನಿ.
ಸ್ಟೇಜಿಗೆ ಹೋಗೂ ಮುಂಚೆ ಹೆಬ್ಬೆರಳು ಅಲ್ಲಿಟ್ಟು
ಎಣಸ್ತೀನಿ: ನಾಕು.
ಹಾಂ, ನಾಕೇ.