ಕಿಟಕಿಯ ಬಳಿ, ಇನ್ನೂ ಸ್ವಲ್ಪ ದುಃಖದಿಂದ

ಮೂವರು ಬಂದರು ಸೆತೂಬಲ್ ಊರಿನ ಶಾಲೆಯಿಂದ,
ಮೂರು ಕಾಲಿನ ಕೋಲು, ಒಂದು ಫೋನು,
ಮಲಗಿದ ಬೆಕ್ಕಿನಂಥ ರೋಮದ ಮೈಕು.
ಟೀಚರ್ ಹೇಳಿದ್ದರಂತೆ: ಮುದುಕರ ಬಗ್ಗೆ ಸಿನಿಮಾ ಮಾಡಿ,
ಮಕ್ಕಳ ಮನಸ್ಸು ಬದಲಾಗಬೇಕು.
ಯಾವ ಮಕ್ಕಳದು ಅಂತ ಕೇಳಿದೆ.
ನಮ್ಮದೇ, ಅಂದಳು ಬೆನೆಡೀಟ, ಉಗುರು ಕಚ್ಚುತ್ತ.

ಕುರ್ಚಿ ಎತ್ತಿ ಕಿಟಕಿಯ ಬಳಿ ಇಟ್ಟರು.
ನನ್ನ ರೇಡಿಯೋ ಆರಿಸಿದರು,
ಹಸಿರು ಪ್ಲಾಸ್ಟಿಕ್ ಬಕೆಟ್ಟು ಮರೆಮಾಡಿದರು,
ಎಲ್ಲಿಂದಲೋ ತಂದ ಉಣ್ಣೆಯ ಉಂಡೆ ತೊಡೆಯ ಮೇಲಿಟ್ಟರು.
"ಎರ್ಮೆಲಿಂಡಾ ಅಜ್ಜಿ, ನದಿಯ ಕಡೆ ನೋಡಿ.
ಇನ್ನೂ ಸ್ವಲ್ಪ ದುಃಖದಿಂದ."
ಯಾರು ಸತ್ತರು ಮಗಾ? ಅಂದೆ.
"ಕಟ್," ಅಂದ ಟೊಮೆ.

ಹೆಣಿಗೆ ನನಗೆ ಬಾರದು.
ಈ ಬೆರಳುಗಳಿಗೆ ಗೊತ್ತಿದ್ದದ್ದು ಕತ್ತರಿ, ಉಪ್ಪು, ತವರದ ಅಂಚು.
ದೋಣಿ ಬಂದರೆ ಕಾರ್ಖಾನೆಯ ಸೈರನ್ನು ಕೂಗೋದು,
ರಾತ್ರಿ ಎರಡೋ ಮೂರೋ; ಮೀನಿಗೆಲ್ಲಿಯ ಗಡಿಯಾರ?
ಒಂದೊಂದು ಕಾರ್ಖಾನೆಗೆ ಒಂದೊಂದು ದನಿ,
ನಿದ್ದೆಯಲ್ಲೇ ನಮ್ಮದನ್ನು ಗುರುತಿಸಿ
ಓಡುತ್ತಿದ್ದೆವು, ಬೀದಿ ತುಂಬ ಹೆಂಗಸರು,
ಒಬ್ಬಳ ಚಪ್ಪಲಿ ಇನ್ನೊಬ್ಬಳ ಕಾಲಲ್ಲಿ.

ಇದನ್ನೆಲ್ಲ ಹೇಳುತ್ತಿದ್ದರೆ
"ಬೆಳಕು ಹೋಗ್ತಿದೆ ಅಜ್ಜಿ," ಅಂದ ಟೊಮೆ.
ಹದಿನೈದರ ಹುಡುಗನಿಗೆ ಅಷ್ಟು ಅವಸರ.
ನಾನು ಎಂಬತ್ತೊಂದರವಳು, ಹೋಗುವ ಬೆಳಕಿಗೆ ಒಗ್ಗಿದವಳು.

ಕೊಡು ಇಲ್ಲಿ ಅಂದೆ ಫೋನು.
ಅವನನ್ನೇ ಕೂರಿಸಿದೆ ಕುರ್ಚಿಯ ಮೇಲೆ.
ತಲೆ ತಗ್ಗಿಸು. ಹೆಬ್ಬೆರಳು ಆಡಿಸು. ಬೆನ್ನು ಗೂನು ಮಾಡು.
ಮಾತಾಡಬೇಡ, ನೀನು ಯೌವನ.
ಇನ್ನೂ ಸ್ವಲ್ಪ ಸೋಮಾರಿಯಾಗಿ.
"ನಾನು ಹಾಗಿಲ್ಲ," ಅಂದ.
ಇರಲಿ ಬಿಡು, ನೋಡುವವರಿಗೆ ಅಷ್ಟು ಸಾಕು ಅಂದೆ.
ಒಂದು ನಿಮಿಷ ಕೂತ. ಕಿವಿ ಕೆಂಪಾದವು.
ಮೈಕು ಹಿಡಿದಿದ್ದ ಇಯಾರಾ, ಅಷ್ಟು ಹೊತ್ತೂ ಬಾಯಿ ಬಿಡದವಳು,
ಕೆಮ್ಮು ಬರುವಷ್ಟು ನಕ್ಕಳು.

ಆಮೇಲೆ ಬಕೆಟ್ಟು ಹೊರಗೆ ಬಂತು.
ಮೀನಿರಲಿಲ್ಲ; ಚಮಚಗಳಿದ್ದವು, ಬಣ್ಣದ ಪೆನ್ಸಿಲುಗಳಿದ್ದವು.
ಬಿಸ್ಕತ್ತಿನ ಡಬ್ಬಿಯಲ್ಲಿ ತೋರಿಸಿದೆ,
ತಲೆಗೆ ಬಾಲ, ಬಾಲಕ್ಕೆ ತಲೆ,
ತುಂಬಿತು ಅಂತ ನೀವು ಅಂದುಕೊಂಡ ಮೇಲೂ
ಇನ್ನೊಂದಕ್ಕೆ ಜಾಗ ಇರುತ್ತೆ, ಹೆಬ್ಬೆರಳಿಂದ ಹೀಗೆ.
ಯಾರೂ ಕಟ್ ಅನ್ನಲಿಲ್ಲ.
ಫೋನು ಮೇಜಿನ ಮೇಲೆ ಬೋರಲು ಬಿದ್ದು
ಕತ್ತಲನ್ನೇ ಚಿತ್ರೀಕರಿಸುತ್ತಿತ್ತು.
ನಿಲ್ಲಿಸಲು ಮರೆತಿದ್ದರು.

ತೋರಿಸಿದರು ಒಂದು ಶುಕ್ರವಾರ, ಶಾಲೆಯ ಊಟದ ಹಾಲಿನಲ್ಲಿ;
ಎಲೆಕೋಸಿನ ಸೂಪಿನ ವಾಸನೆ ಇನ್ನೂ ಹೋಗಿರಲಿಲ್ಲ.
ಪರದೆಯ ಮೇಲೆ ನಾನು: ಕಿಟಕಿ, ನದಿ, ಉಣ್ಣೆ,
ಮೇಲಿಂದ ಸುರಿದ ಪಿಯಾನೊ.
ಮುಂದಿನ ಸಾಲಿನ ಪುಟ್ಟ ಹುಡುಗ ಪಕ್ಕದವಳನ್ನು ಕೇಳಿದ,
"ಈ ಅಜ್ಜಿ ಸತ್ತುಹೋದರಾ?"
ಹಿಂದಿನಿಂದ ಕೆಮ್ಮಿದೆ.
ಅವನು ತಿರುಗಿ ನೋಡಿದ ನೋಟವಿದೆಯಲ್ಲ,
ಅದನ್ನು ಯಾರೂ ಶೂಟ್ ಮಾಡಲಿಲ್ಲ.

ಆಗಲೇ ಪರದೆ ಕಪ್ಪಾಯಿತು.
ಕೆಟ್ಟುಹೋಯಿತು ಅಂದರು ಯಾರೋ, ಸಿಳ್ಳೆ ಹಾಕಿದರು.
ಕಪ್ಪಿನೊಳಗಿಂದ ಚಮಚದ ಸದ್ದು, ನನ್ನ ಬೈಗುಳ,
ನಾಲ್ಕು ಜನರ ನಗು. ಯಾವುದು ಯಾರದೆಂದು
ನನಗೇ ತಿಳಿಯಲಿಲ್ಲ.

ಮನಸ್ಸು ಬದಲಾಯಿತೋ ಇಲ್ಲವೋ, ಟೀಚರ್ ಹಾಳೆ ಹಂಚಿ ಅಳೆದರು,
ಒಂದರಿಂದ ಐದರವರೆಗೆ.
ನನಗೆ ಗೊತ್ತಿರುವುದು ಸೋಮವಾರದ ಬಸ್ಸು.
ಕಿಕ್ಕಿರಿದಿತ್ತು. ಹಿಂದಿನ ಉದ್ದ ಸೀಟಿನಲ್ಲಿ ಟೊಮೆ
ನನ್ನನ್ನು ಕಂಡ. ಎದ್ದು ಜಾಗ ಬಿಡಲಿಲ್ಲ.
ಬ್ಯಾಗು ತೊಡೆಗೇರಿಸಿ, ಪಕ್ಕದವನನ್ನು ಮೊಣಕೈಯಲ್ಲಿ ಒತ್ತಿ, ಸರಿದ.
"ತಲೆಗೆ ಬಾಲ," ಅಂದ.
ಹಿಡಿಸಿದೆವು.